ಮೂರನೆಯ ಗ್ಲಾಸು

ರಿಪ್ಪನ್‌ಪೇಟೆ ದಾಟಿ ಎಡಕ್ಕೆ ಹೊರಳಿದರೆ
ಹಿಂದೆ ಅಕ್ಕಿ ಗಿರಣಿಯಾಗಿದ್ದ ಕಟ್ಟಡ.
ತೌಡು ಹಾರುತ್ತಿದ್ದಲ್ಲಿ ಈಗ ಉಕ್ಕಿನ ಪೀಪಾಯಿಗಳು.
ಬಾಗಿಲಲ್ಲಿ ಭಟ್ಟರ ಮಗಳು ಶ್ರೀಪ್ರಭಾ,
ನಾಸಿಕದಲ್ಲಿ ಈ ವಿದ್ಯೆ ಕಲಿತು ಬಂದವಳು,
"ಚಪ್ಪಲಿ ಬಿಡಬೇಡಿ ಆಂಟಿ" ಎನ್ನುವಷ್ಟರಲ್ಲಿ
ನಾಲ್ವರೂ ಬಿಟ್ಟಾಗಿತ್ತು.

ನಾವೆಂದರೆ
ಶಿವಮೊಗ್ಗದ ಟ್ರಂಕ್ ಎಕ್ಸ್‌ಚೇಂಜಿನ ರಾತ್ರಿ ಪಾಳಿ.
ಸಾವು, ಹೆರಿಗೆ, ಅಡಿಕೆ ಧಾರಣೆ,
ಎಲ್ಲವನ್ನೂ ಮೂರು ಮೂರು ನಿಮಿಷಕ್ಕೆ
ಕತ್ತರಿಸಿ ಕೊಟ್ಟವರು.
ಪಿಂಚಣಿ ಬಂದ ಮೇಲೆ ವರ್ಷಕ್ಕೊಂದು ಭಾನುವಾರ
ಲೂಸಿ ಪಿಂಟೋಳ ಆಲ್ಟೋದಲ್ಲಿ ಎಲ್ಲಾದರೂ ಹೋಗುತ್ತೇವೆ.
ಹೋದ ವರ್ಷ ಸಿಗಂದೂರು. ಈ ವರ್ಷ ಇದು.
ಮನೆಯಲ್ಲಿ ಹೇಳಿದ್ದು ಹಣ್ಣಿನ ರಸದ ಫ್ಯಾಕ್ಟರಿ ಎಂದು.
ಸುಳ್ಳೇನಲ್ಲ.

ಹನ್ನೊಂದು ಗಂಟೆ.
ತಿಂಡಿಯೂ ಅಲ್ಲದ ಊಟವೂ ಅಲ್ಲದ ಇದಕ್ಕೆ
ಬ್ರಂಚ್ ಎಂದಳು ಶ್ರೀಪ್ರಭಾ.
ಸೂತಕದ ಮನೆಯಲ್ಲಿ ಉಣ್ಣುವ ಹೊತ್ತು ಎಂದೆ ನಾನು.
ಸೌತೆಕಾಯಿ ಹಾಕಿದ ರೊಟ್ಟಿ, ಉಪ್ಪಲ್ಲಿಟ್ಟ ಕಳಲೆಯ ಪಲ್ಯ,
ಸೋಪಿನ ಬಿಲ್ಲೆಯಂಥ ಚೀಸು.

ಮೊದಲ ಗ್ಲಾಸು ಅನಾನಸು.
ಗಿರ್ರನೆ ತಿರುಗಿಸಿ, ಮೂಗಿಟ್ಟು, ಗುಟುಕರಿಸಿ,
ಬೇಡವಾದರೆ ಈ ತಂಬಿಗೆಗೆ ಉಗುಳಿ.
ಉಗುಳುವುದನ್ನು ಎಲೆಅಡಿಕೆಯ ಸೀಮೆಯವರಿಗೆ
ಹೇಳಿಕೊಡಬೇಕೆ?
ಆದರೆ ದುಡ್ಡು ಕೊಟ್ಟದ್ದನ್ನು ಉಗುಳುವುದು ಹೇಗೆ.
ಎರಡನೆಯದು ಗೇರುಹಣ್ಣು. ಗಂಟಲು ಕೆರೆಯಿತು.
ಕಾರು ಓಡಿಸಬೇಕೆಂದು ಲೂಸಿ ಅರ್ಧ ಬಿಟ್ಟಳು,
ಆ ಅರ್ಧ ನನ್ನದಾಯಿತು.
ಜಬೀನ್ ಕುಡಿಯುವವಳಲ್ಲ. ಮುರುಗಲ ಪಾನಕ ಬದಿಗಿಟ್ಟು
ನಮ್ಮ ಗ್ಲಾಸುಗಳನ್ನೇ ಕಿಟಕಿಗೆ ಹಿಡಿದು ನೋಡುತ್ತಾಳೆ,
ಅಂಗಡಿಯಲ್ಲಿ ಸೆರಗಿನ ಬಣ್ಣ ನೋಡುವ ಹಾಗೆ.

ಮೂರನೆಯದು ನೇರಳೆ.
"ಏನು ವಾಸನೆ ಬರ್ತಿದೆ? ತಪ್ಪು ಉತ್ತರ ಅಂತ ಇಲ್ಲ."
ಲೂಸಿ: ಕ್ರಿಸ್‌ಮಸ್ಸಿನ ಮಾರನೆ ದಿನದ ಚರ್ಚು.
ನಾನು: ಶಾಯಿ ಚೆಲ್ಲಿದ ಪಾಟಿಚೀಲ.
ಚೌಡಮ್ಮ ಕಣ್ಣು ಮುಚ್ಚಿದ್ದಳು.
"ಒದ್ದೆ ಗೋಣಿತಾಟು" ಎಂದಳು,
"ಆಮೇಲೆ ಜೀಪಿನ ಡೀಸೆಲ್ಲು."

ಹಳ್ಳದಾಚೆ ಮಟ್ಟಿಯೊಳಗೆ ಅವಳ ಅಜ್ಜಿ
ನೇರಳೆಗೆ ಬೆಲ್ಲ ಸೇರಿಸಿ ಕೊಳೆಹಾಕಿ
ಭಟ್ಟಿ ಇಳಿಸುತ್ತಿದ್ದಳಂತೆ.
ಅಬಕಾರಿ ಜೀಪು ಬಂದರೆ ಮಡಕೆಯ ಮೇಲೆ ಗೋಣಿ,
ಗೋಣಿಯ ಮೇಲೆ ತರಗೆಲೆ,
ತರಗೆಲೆಯ ಮೇಲೆ ಅಜ್ಜಿ, ಹೊಟ್ಟೆನೋವೆಂದು ನರಳುತ್ತ.
ಎರಡು ಸಲ ನಂಬಿದರು.
ಮೂರನೆಯ ಸಲ ಸಾಗರದ ಜೈಲಿನಲ್ಲಿ ಹನ್ನೆರಡು ದಿನ.
ಇಷ್ಟು ವರ್ಷ ಪಕ್ಕದ ಕುರ್ಚಿಯಲ್ಲಿ ಕೂತವಳು
ಇದನ್ನು ಇವತ್ತು ಹೇಳಿದಳು, ರೊಟ್ಟಿ ಮುರಿಯುತ್ತ.

"ಎಂಬತ್ತಾರರಲ್ಲಿ ಒಂದು ರಾತ್ರಿ ಇನ್‌ಸ್ಪೆಕ್ಟರ ಕಾಲು.
ಹೊಸನಗರ ಕೊಡಮ್ಮ, ಅರ್ಜೆಂಟು.
ಅವನ ಬಾಯಲ್ಲಿ ನಮ್ಮೂರ ಹೆಸರು ಬಂತು ನೋಡು,
ಪಿನ್ನು ಕಿತ್ತೆ.
ಲೈನ್ ಫಾಲ್ಟು ಸಾರ್, ಬೆಳಗಾಗಲಿ ಅಂದೆ.
ಮೊದಲ ಬಸ್ಸಿನ ಕಂಡಕ್ಟರ ಕೈಲಿ ಚೀಟಿ ಕಳಿಸಿದೆ.
ಜೀಪು ಹೋದಾಗ
ಮಡಕೆ ತುಂಬ ಕೋಳಿಮರಿ ಇದ್ದವಂತೆ."

ಜಬೀನ್ ಗ್ಲಾಸು ಕೆಳಗಿಟ್ಟಳು.
"ಲೈನು ಸರಿಯಿತ್ತು. ನಂಗೆ ಗೊತ್ತಿತ್ತು.
ಲಾಗ್ ಬುಕ್ಕಿನಲ್ಲಿ ಮರ ಬಿದ್ದಿದೆ ಅಂತ
ಬರೆದೋರು ಯಾರು ಅಂದ್ಕೊಂಡೆ?"

"ಯಾವ ಮರ?" ಚೌಡಮ್ಮನ ದನಿ ತಗ್ಗಿತ್ತು.

"ಮತ್ತಿ," ಎಂದಳು ಜಬೀನ್. "ದೊಡ್ಡದು."

ಶ್ರೀಪ್ರಭಾ ತನ್ನ ನೋಟುಬುಕ್ಕಿನಲ್ಲಿ
"ಮಣ್ಣು, ತುಸು ಹೊಗೆ" ಎಂದು ಬರೆದು
ಪೆನ್ನು ಹಿಡಿದೇ ನಿಂತಿದ್ದಳು.
ಬಾಟಲಿಗೆ ಆರುನೂರೈವತ್ತು. ಬಸ್‌ಸ್ಟ್ಯಾಂಡಿನ
ಹೂವಿನವಳ ಹತ್ತಿರವೂ ಚೌಕಾಸಿ ಮಾಡುವ ಚೌಡಮ್ಮ
ಎಣಿಸದೆ ಎರಡು ಕಟ್ಟಿಸಿದಳು.
ಹೊರಗೆ ನನ್ನ ಎಡಗಾಲಿನ ಚಪ್ಪಲಿಯನ್ನು
ನಾಯಿ ಎಳೆದೊಯ್ದಿತ್ತು.

ಕಾರಿನಲ್ಲಿ ಅವಳು ಕನ್ನಡಕ ಏರಿಸಿ ಲೇಬಲ್ಲಿನ ಮೇಲೆ
ಹಣ್ಣಿನ ಚಿತ್ರ ನೋಡಲಿಲ್ಲ.
ಕೆಳಗೆ, ಇರುವೆಯಕ್ಷರದಲ್ಲಿದ್ದ
ಅಬಕಾರಿ ಪರವಾನಗಿಯ ನಂಬರು ಓದಿದಳು,
ಒಂದೊಂದೇ ಅಂಕಿ, ಆ ಹಳೆಯ ಪಾಳಿಯ ದನಿಯಲ್ಲಿ.
ನಾಲ್ಕು. ಸೊನ್ನೆ. ಏಳು.
ಹಿಂದಿನ ಸೀಟಿನಿಂದ, ಅಭ್ಯಾಸಬಲಕ್ಕೆ,
ನಾವೂ ತಿರುಗಿ ಹೇಳಿದೆವು:
ನಾಲ್ಕು. ಸೊನ್ನೆ. ಏಳು.